ರೋಬೋ ಬಂದಾಗ ಟಿಕೆಟ್‌ಗೆ ಎಷ್ಟು? ಬೆಂಗಳೂರಿನ ಮೊದಲ ಮೂರು ದಿನದ ಲೆಕ್ಕ

ಸಿನಿಮಾ ಟಿಕೆಟ್‌ಗೆ 200 ರೂಪಾಯಿಗಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ ಎಂದು ರಾಜ್ಯ ಸರ್ಕಾರ ನಿಯಮ ತಂದ ಸುದ್ದಿಯನ್ನು ಎಲ್ಲರೂ ಓದಿದ್ದಾರೆ. ಆದರೂ ದೊಡ್ಡ ಚಿತ್ರ ಬರುವ ವಾರ ಬುಕಿಂಗ್ ಆ್ಯಪ್ ತೆರೆದರೆ ಬೆಂಗಳೂರಿನಲ್ಲಿ ಒಂದು ಸೀಟಿಗೆ 500, 700, ಕೆಲವು ಕಡೆ ಸಾವಿರ ದಾಟಿದ ದರ ಕಾಣುತ್ತದೆ. ಜೊತೆಗೆ ಇನ್ನೊಂದು ವಿಚಿತ್ರ. ಪೋಸ್ಟರ್ ಮೇಲೆ ‘ಕನ್ನಡದಲ್ಲೂ’ ಎಂದು ಅಚ್ಚಾಗಿರುತ್ತದೆ. ಆ್ಯಪ್‌ನಲ್ಲಿ ಭಾಷೆ ಕನ್ನಡ ಎಂದು ಒತ್ತಿದರೆ ಇಷ್ಟು ದೊಡ್ಡ ಊರಿಗೆ ಬೆರಳೆಣಿಕೆಯ ಶೋಗಳು. ಅವೂ ಕೆಲಸಕ್ಕೆ ಹೋಗುವವರಿಗೆ ಸಿಗದ ಹೊತ್ತಿನಲ್ಲಿ.

ಈ ಎರಡೂ ಗೊಂದಲ ಎದ್ದು ಕಾಣುವುದು ರೋಬೋ, ಯಂತ್ರಮಾನವ, ಭವಿಷ್ಯದ ನಗರ ಅಂತೆಲ್ಲ ಇರುವ ಭಾರಿ ಬಜೆಟ್‌ನ ಚಿತ್ರಗಳು ಬಂದಾಗ. ದರದ ಜಗಳವನ್ನು ಸರ್ಕಾರ ಮತ್ತು ಮಲ್ಟಿಪ್ಲೆಕ್ಸ್‌ಗಳ ನಡುವಿನದು ಎಂದು ನೋಡುತ್ತೇವೆ. ಕನ್ನಡ ಶೋ ಸಿಗದಿರುವುದನ್ನು ಭಾಷಾಭಿಮಾನದ ಪ್ರಶ್ನೆ ಎನ್ನುತ್ತೇವೆ. ಆದರೆ ಎರಡರ ಬೇರೂ ಒಂದೇ ಕಡೆ ಇದೆ. ಹಾಕಿದ ದುಡ್ಡನ್ನು ಶುಕ್ರವಾರದಿಂದ ಭಾನುವಾರದೊಳಗೆ ಎತ್ತಬೇಕು ಎನ್ನುವ ವ್ಯವಹಾರದಲ್ಲಿ.

ನಿಯಮ ಇದೆ, ಜಾರಿಯಲ್ಲಿಲ್ಲ

200ರ ಮಿತಿ ಹೊಸದೇನಲ್ಲ. ಸಿದ್ದರಾಮಯ್ಯ ಮೊದಲ ಸಲ ಮುಖ್ಯಮಂತ್ರಿಯಾಗಿದ್ದಾಗ 2017ರ ಬಜೆಟ್‌ನಲ್ಲಿ ಇದನ್ನು ಘೋಷಿಸಿದ್ದರು. ಅದೇ ವರ್ಷ ಮೇ ತಿಂಗಳಲ್ಲಿ ಆದೇಶವೂ ಬಂತು. ವಿಷಯ ಕೋರ್ಟ್ ಮೆಟ್ಟಿಲೇರಿತು, ಆದೇಶ ನಿಲ್ಲಲಿಲ್ಲ. ಎಂಟು ವರ್ಷದ ನಂತರ, 2025ರ ಮಾರ್ಚ್ ಬಜೆಟ್‌ನಲ್ಲಿ ಅದೇ ಮಾತು ಮತ್ತೆ ಬಂತು. ಜುಲೈನಲ್ಲಿ ಕರಡು, ಸೆಪ್ಟೆಂಬರ್ 12ರಂದು ಅಂತಿಮ ಅಧಿಸೂಚನೆ. ಎಲ್ಲ ಭಾಷೆಯ ಚಿತ್ರಗಳಿಗೂ, ಮಲ್ಟಿಪ್ಲೆಕ್ಸ್ ಸೇರಿ ಎಲ್ಲ ಚಿತ್ರಮಂದಿರಗಳಿಗೂ 200 ರೂಪಾಯಿ ಗರಿಷ್ಠ. ತೆರಿಗೆ ಬೇರೆ. 75 ಅಥವಾ ಅದಕ್ಕಿಂತ ಕಡಿಮೆ ಸೀಟಿನ, ಐಷಾರಾಮಿ ಸೌಲಭ್ಯ ಇರುವ ಸಭಾಂಗಣಗಳಿಗೆ ಮಾತ್ರ ವಿನಾಯಿತಿ.

ತೆರಿಗೆ ಬೇರೆ ಎಂಬ ಮಾತನ್ನು ಬಹಳ ಜನ ಗಮನಿಸಲಿಲ್ಲ. 100 ರೂಪಾಯಿ ಮೀರಿದ ಟಿಕೆಟ್‌ಗೆ ಶೇ 18 ಜಿಎಸ್‌ಟಿ ಇದೆ. ಹಾಗಾಗಿ 200 ಎಂದರೆ ಕೈಯಿಂದ ಹೋಗುವುದು 236. ಆನ್‌ಲೈನ್‌ನಲ್ಲಿ ತೆಗೆದರೆ ಆ್ಯಪ್‌ನವರ ಶುಲ್ಕ ಅದರ ಮೇಲೆ. ಸೆಪ್ಟೆಂಬರ್ 22ರಂದು ಜಿಎಸ್‌ಟಿ ಇಳಿಯಿತು ಎಂದು ಖುಷಿಪಟ್ಟವರಿಗೂ ಇಲ್ಲಿ ನಿರಾಸೆಯೇ. ಇಳಿದದ್ದು 100 ರೂಪಾಯಿವರೆಗಿನ ಟಿಕೆಟ್‌ಗೆ ಮಾತ್ರ, ಶೇ 12ರಿಂದ 5ಕ್ಕೆ. ದೊಡ್ಡ ಚಿತ್ರದ ಮೊದಲ ವಾರ ಬೆಂಗಳೂರಿನ ಯಾವ ಮಲ್ಟಿಪ್ಲೆಕ್ಸ್‌ನಲ್ಲಿ 100 ರೂಪಾಯಿ ಟಿಕೆಟ್ ಸಿಗುತ್ತದೆ ಹೇಳಿ!

ಮರುದಿನವೇ, ಸೆಪ್ಟೆಂಬರ್ 23ರಂದು, ಹೈಕೋರ್ಟ್‌ನ ಏಕಸದಸ್ಯ ಪೀಠ ದರ ಮಿತಿಗೆ ಮಧ್ಯಂತರ ತಡೆ ಕೊಟ್ಟಿತು. ಕೋರ್ಟಿಗೆ ಹೋದವರಲ್ಲಿ ಮಲ್ಟಿಪ್ಲೆಕ್ಸ್‌ಗಳ ಸಂಘ ಮತ್ತು ಪಿವಿಆರ್ ಐನಾಕ್ಸ್ ಮಾತ್ರವಲ್ಲ, ಕನ್ನಡದ್ದೇ ಆದ ನಿರ್ಮಾಣ ಸಂಸ್ಥೆ ಹೊಂಬಾಳೆ ಫಿಲ್ಮ್ಸ್ ಕೂಡ ಇತ್ತು. ಸರ್ಕಾರದ ಕಡೆಯ ಮೇಲ್ಮನವಿಯಲ್ಲಿ ವಿಭಾಗೀಯ ಪೀಠ ತಡೆಯನ್ನು ತೆಗೆಯಲಿಲ್ಲ. ಆದರೆ ಮಾರಿದ ಪ್ರತಿ ಟಿಕೆಟ್‌ನ ಲೆಕ್ಕ ಇಡಿ ಎಂದಿತು. ಕೊನೆಗೆ ಸರ್ಕಾರ ಗೆದ್ದರೆ ಹೆಚ್ಚಿಗೆ ಕೊಟ್ಟವರಿಗೆ ದುಡ್ಡು ವಾಪಸ್ ಮಾಡಲು ದಾರಿ ಇರಲಿ ಎಂಬುದು ಅದರ ಉದ್ದೇಶ. ನವೆಂಬರ್ 3ರಂದು ಸುಪ್ರೀಂ ಕೋರ್ಟ್ ಈ ಷರತ್ತುಗಳಿಗೂ ತಡೆ ಕೊಟ್ಟಿತು, ಮುಖ್ಯ ಪ್ರಕರಣದ ವಿಚಾರಣೆ ಹೈಕೋರ್ಟ್‌ನಲ್ಲಿ ಮುಂದುವರಿಯಲು ಬಿಟ್ಟಿತು. ಅದೇ ವಿಚಾರಣೆಯಲ್ಲಿ ನ್ಯಾಯಮೂರ್ತಿಗಳು ನೀರಿನ ಬಾಟಲಿಗೆ 100, ಕಾಫಿಗೆ 700 ರೂಪಾಯಿ ತಗೊಳ್ಳುವ ಬಗ್ಗೆ ಮಲ್ಟಿಪ್ಲೆಕ್ಸ್‌ಗಳಿಗೆ ಬಿಸಿ ಮುಟ್ಟಿಸಿದ್ದರು. ದರ ಇಳಿಸದಿದ್ದರೆ ಥಿಯೇಟರ್ ಖಾಲಿ ಹೊಡೆಯುತ್ತದೆ ಎಂದೂ ಎಚ್ಚರಿಸಿದ್ದರು. ಪತ್ರಿಕೆಗಳಲ್ಲಿ ಸುದ್ದಿಯಾದದ್ದು ಆ ಮಾತುಗಳು. ಆದೇಶ ಸಿಕ್ಕಿದ್ದು ಮಾತ್ರ ಮಲ್ಟಿಪ್ಲೆಕ್ಸ್‌ಗಳ ಪರವಾಗಿ.

ಹೀಗೆ ಗೆಜೆಟ್‌ನಲ್ಲಿ 200, ಕೌಂಟರ್‌ನಲ್ಲಿ 700 ಎಂಬ ಸ್ಥಿತಿ ಬಂತು.

ಒಂದು ರೋಬೋ ತೆರೆಗೆ ಬರಲು ಏನೇನು ಆಗಬೇಕು

ಇಷ್ಟು ದರ ಯಾಕೆ ಎಂದು ಕೇಳುವ ಮೊದಲು ಇಷ್ಟು ಖರ್ಚು ಯಾಕೆ ಎಂದು ನೋಡಬೇಕು. ಭಾರತದಲ್ಲಿ ರೋಬೋ ಚಿತ್ರ ಎಂದ ಕೂಡಲೇ ಎಲ್ಲರಿಗೂ ನೆನಪಾಗುವುದು 2010ರ ಅಕ್ಟೋಬರ್ 1ರಂದು ಬಂದ ‘ಎಂದಿರನ್’. ಶಂಕರ್ ನಿರ್ದೇಶನ, ರಜನಿಕಾಂತ್ ವಿಜ್ಞಾನಿಯೂ ಅವರೇ, ಚಿಟ್ಟಿ ಎಂಬ ರೋಬೋವೂ ಅವರೇ. ಕನ್ನಡದಲ್ಲಿ ಅದಕ್ಕೂ ಮೊದಲೇ, 2002ರಲ್ಲಿ, ಉಪೇಂದ್ರ ‘ಹಾಲಿವುಡ್’ ಚಿತ್ರದಲ್ಲಿ ರೋಬೋ ಆಗಿದ್ದರು ಎಂಬುದನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು. ನಮ್ಮವರೇ ಮರೆತಿದ್ದಾರೆ.

‘ಎಂದಿರನ್’ ಕಥೆ ಶಂಕರ್ ಕೈಯಲ್ಲಿ ಹತ್ತು ವರ್ಷ ಕಾದಿತ್ತು. ಮೊದಲು ಕಮಲ್ ಹಾಸನ್ ಜೊತೆ ಮಾಡುವುದೆಂದಾಯಿತು, ಆಮೇಲೆ ಶಾರುಖ್ ಖಾನ್ ಜೊತೆ ಮಾತುಕತೆ ನಡೆಯಿತು. ಎರಡೂ ಕೈಗೂಡಲಿಲ್ಲ. ರಜನಿಕಾಂತ್ ಒಪ್ಪಿದ ಮೇಲೂ 2008ರ ಜಾಗತಿಕ ಹಣಕಾಸು ಬಿಕ್ಕಟ್ಟಿನಲ್ಲಿ ಮೊದಲ ನಿರ್ಮಾಪಕರು ಹಿಂದೆ ಸರಿದರು. ಸನ್ ಪಿಕ್ಚರ್ಸ್ ಕೈಗೆತ್ತಿಕೊಂಡಿತು. ಚಿಟ್ಟಿಯ ಯಾಂತ್ರಿಕ ಗೊಂಬೆಗಳನ್ನು ಮಾಡಿಸಿದ್ದು ಅಮೆರಿಕದ ಲೆಗಸಿ ಎಫೆಕ್ಟ್ಸ್‌ನಲ್ಲಿ. ಕ್ಲೈಮ್ಯಾಕ್ಸ್ ನೆನಪಿಸಿಕೊಳ್ಳಿ. ನೂರಾರು ಚಿಟ್ಟಿಗಳು ಒಂದಕ್ಕೊಂದು ಅಂಟಿಕೊಂಡು ಗುಂಡಗೆ ಚೆಂಡಾಗುತ್ತವೆ, ಹಾವಾಗಿ ಹರಿಯುತ್ತವೆ, ಆಕಾಶದೆತ್ತರದ ಮನುಷ್ಯನಾಗಿ ಎದ್ದು ನಿಲ್ಲುತ್ತವೆ. ಅಲ್ಲಿ ಕಾಣುವ ಒಂದೊಂದು ಮುಖವನ್ನೂ ಯಾರೋ ಕಂಪ್ಯೂಟರ್ ಮುಂದೆ ಕೂತು ಮಾಡಿದ್ದಾರೆ. ಆ ಚಿತ್ರಕ್ಕೆ ವಿಶೇಷ ಪರಿಣಾಮ ಮತ್ತು ಕಲಾ ವಿನ್ಯಾಸಕ್ಕೆ ರಾಷ್ಟ್ರ ಪ್ರಶಸ್ತಿ ಬಂದದ್ದು ಸುಮ್ನೆ ಅಲ್ಲ.

ಮುಂದಿನ ಭಾಗ ‘2.0’ ಬಂದದ್ದು 2018ರ ನವೆಂಬರ್ 29ಕ್ಕೆ. ಅದು 2017ರ ದೀಪಾವಳಿಗೇ ಬರಬೇಕಿತ್ತು. ಗ್ರಾಫಿಕ್ಸ್ ಮುಗಿಯಲಿಲ್ಲವೆಂದು ವರ್ಷದ ಮೇಲೆ ಮುಂದಕ್ಕೆ ಹೋಯಿತು. ತಡವಾದರೆ ಏನಾಗುತ್ತದೆ? ಸಾಮಾನ್ಯ ಚಿತ್ರದಲ್ಲಿ ಶೂಟಿಂಗ್ ಮುಗಿದರೆ ದೊಡ್ಡ ಖರ್ಚು ಮುಗಿದಂತೆ. ರೋಬೋ ಚಿತ್ರದಲ್ಲಿ ಶೂಟಿಂಗ್ ಮುಗಿದ ಮೇಲೆ ಅರ್ಧ ಸಿನಿಮಾ ಶುರುವಾಗುತ್ತದೆ. ಅಷ್ಟು ತಿಂಗಳೂ ಸಾಲದ ಬಡ್ಡಿ ಏರುತ್ತಲೇ ಇರುತ್ತದೆ. ಚಿತ್ರ ಗೆಲ್ಲಲಿ ಸೋಲಲಿ, ಈ ಖರ್ಚನ್ನು ಬಿಡುಗಡೆಗೆ ಮುಂಚೆಯೇ ಮಾಡಿ ಮುಗಿಸಿರಬೇಕು. 2024ರ ಜೂನ್‌ನಲ್ಲಿ ಬಂದ ‘ಕಲ್ಕಿ 2898 ಎಡಿ’ಗೆ ಸುಮಾರು 600 ಕೋಟಿ ಆಯಿತು ಎಂಬ ವರದಿಗಳಿದ್ದವು. ಅದರಲ್ಲಿ ನಾಯಕನ ಜೊತೆ ಮಾತಾಡುವ ಬುಜ್ಜಿ ಎಂಬ ಕಾರನ್ನು ಬರೀ ಗ್ರಾಫಿಕ್ಸ್‌ನಲ್ಲಿ ತೋರಿಸದೆ, ಮಹೀಂದ್ರ ಮತ್ತು ಕೊಯಮತ್ತೂರಿನ ಜಯಂ ಆಟೊಮೋಟಿವ್ಸ್ ನೆರವಿನಿಂದ ನಿಜವಾಗಿ ಓಡುವಂತೆ ಕಟ್ಟಿಸಿದ್ದರು.

ಬೆಂಗಳೂರಿಗೂ ಈ ಕೆಲಸದಲ್ಲಿ ಪಾಲಿದೆ. ಹಾಲಿವುಡ್ ಚಿತ್ರಗಳ ಗ್ರಾಫಿಕ್ಸ್ ಮಾಡುವ ಸಾವಿರಾರು ಹುಡುಗ ಹುಡುಗಿಯರು ಇಲ್ಲಿದ್ದಾರೆ. 2025ರ ಫೆಬ್ರುವರಿಯಲ್ಲಿ ಇಂಥ ಕೆಲಸ ಮಾಡಿಸುತ್ತಿದ್ದ ಟೆಕ್ನಿಕಲರ್ ಕಂಪನಿ ಮುಳುಗಿದಾಗ ಇಲ್ಲಿನ ಬಹಳಷ್ಟು ಜನ ಒಂದೇ ಏಟಿಗೆ ಕೆಲಸ ಕಳೆದುಕೊಂಡರು. ಅಂಥ ಕೈಗಳು ಇದೇ ಊರಲ್ಲಿರುವಾಗ ಕನ್ನಡದಲ್ಲಿ ಹೊಸ ರೋಬೋ ಚಿತ್ರ ಯಾಕಿಲ್ಲ ಎಂದರೆ ಉತ್ತರ ಮತ್ತೆ ದುಡ್ಡೇ. ಕುಶಲ ಕೆಲಸಗಾರರ ಕೊರತೆ ಇಲ್ಲ. ಅವರನ್ನು ಎರಡು ವರ್ಷ ಕೂರಿಸಿ ಸಂಬಳ ಕೊಡುವ ಮಾರುಕಟ್ಟೆ ಇಲ್ಲ.

ಮೂರು ದಿನದ ಲೆಕ್ಕ

ಈಗ ಟಿಕೆಟ್ ಕೌಂಟರ್‌ಗೆ ಬರೋಣ. 250 ಸೀಟಿನ ಒಂದು ಪರದೆ ಎಂದುಕೊಳ್ಳಿ. ದಿನಕ್ಕೆ ಐದು ಶೋ, ಮೂರು ದಿನಕ್ಕೆ ಹದಿನೈದು. ತೆರಿಗೆ ಬಿಟ್ಟು ಟಿಕೆಟ್ 600 ರೂಪಾಯಿ ಆದರೆ ಎಲ್ಲ ಶೋ ಹೌಸ್‌ಫುಲ್ ಆದಾಗ 22.5 ಲಕ್ಷ ಬರುತ್ತದೆ. ಅದೇ 200 ಆದರೆ 7.5 ಲಕ್ಷ. ಒಂದು ಪರದೆಗೇ 15 ಲಕ್ಷ ವ್ಯತ್ಯಾಸ. 200ರ ದರದಲ್ಲಿ ಅಷ್ಟೇ ದುಡ್ಡು ಬರಬೇಕಾದರೆ 45 ಶೋ ತುಂಬಬೇಕು. ಅಂದರೆ ಒಂಬತ್ತು ದಿನ ಒಂದೂ ಸೀಟು ಖಾಲಿ ಇಲ್ಲದೆ ಓಡಬೇಕು. ಸೋಮವಾರ ಬೆಳಗಿನ ಶೋ ಹೌಸ್‌ಫುಲ್ ಆಗುವುದನ್ನು ನೀವು ಎಷ್ಟು ಸಲ ನೋಡಿದ್ದೀರಿ?

ಇನ್ನೊಂದು ತೊಡಕಿದೆ. ಮಲ್ಟಿಪ್ಲೆಕ್ಸ್‌ಗಳಲ್ಲಿ ಬಂದ ದುಡ್ಡಿನ ಹಂಚಿಕೆ ವಾರದಿಂದ ವಾರಕ್ಕೆ ಬದಲಾಗುತ್ತದೆ. 2009ರಲ್ಲಿ ಹಿಂದಿ ನಿರ್ಮಾಪಕರು ಮುಷ್ಕರ ಹೂಡಿ ಮಾಡಿಕೊಂಡ ಒಪ್ಪಂದದ ಪ್ರಕಾರ ಮೊದಲ ವಾರ ವಿತರಕರಿಗೆ ಶೇ 50, ಎರಡನೇ ವಾರ 42.5, ಮೂರನೇ ವಾರ 37.5, ಆಮೇಲೆ 30. ಬೇರೆ ಭಾಷೆಗಳಲ್ಲಿ ಅಂಕಿ ಸ್ವಲ್ಪ ಆಚೀಚೆ ಇದ್ದರೂ ಇಳಿಯುವ ಕ್ರಮ ಇದೇ. ಅಂದರೆ ಮೊದಲ ವಾರದ ನೂರು ರೂಪಾಯಿ ನಿರ್ಮಾಪಕರ ಕಡೆಗೆ ಐವತ್ತು ತರುತ್ತದೆ. ನಾಲ್ಕನೇ ವಾರದ ನೂರು ರೂಪಾಯಿ ಬರೀ ಮೂವತ್ತು. ಜೊತೆಗೆ ದಕ್ಷಿಣದ ಅನೇಕ ಚಿತ್ರಗಳು ನಾಲ್ಕು ವಾರಕ್ಕೆಲ್ಲ ಓಟಿಟಿಗೆ ಬಂದುಬಿಡುತ್ತವೆ. ಇಷ್ಟೆಲ್ಲ ಇದ್ದಮೇಲೆ ನಿರ್ಮಾಪಕರು ಮೊದಲ ಮೂರು ದಿನವನ್ನೇ ಹಿಂಡುತ್ತಾರೆ. ದುರಾಸೆ ಇಲ್ಲ ಎನ್ನುತ್ತಿಲ್ಲ. ಆದರೆ ದುರಾಸೆ ಇಲ್ಲದವರೂ ಈ ಲೆಕ್ಕದಲ್ಲಿ ಹಾಗೇ ಮಾಡಬೇಕಾಗುತ್ತದೆ.

ಹೊಂಬಾಳೆ ಯಾಕೆ ಕೋರ್ಟಿಗೆ ಹೋಯಿತು ಎಂಬುದಕ್ಕೂ ಉತ್ತರ ಇಲ್ಲೇ ಇದೆ. 200ರ ಮಿತಿ ಪರಭಾಷಾ ಚಿತ್ರಗಳ ಸೊಕ್ಕು ಇಳಿಸುತ್ತದೆ ಎಂದು ಗಾಂಧಿನಗರದಲ್ಲಿ ಕೆಲವರು ಚಪ್ಪಾಳೆ ತಟ್ಟಿದ್ದರು. ಆದರೆ 2025ರ ಅದೇ ಅಕ್ಟೋಬರ್ 2ಕ್ಕೆ ಹೊಂಬಾಳೆಯವರದೇ ‘ಕಾಂತಾರ ಅಧ್ಯಾಯ 1’ ಬಿಡುಗಡೆ ಇತ್ತು. ದೊಡ್ಡ ಬಜೆಟ್‌ನ ಕನ್ನಡ ಚಿತ್ರಕ್ಕೂ ಮೂರು ದಿನದ ಲೆಕ್ಕ ಒಂದೇ.

ದುಡ್ಡು ಕೊಡುವವನು ಯಾರು

ಈ ಲೆಕ್ಕ ನಿಂತಿರುವುದು ಒಬ್ಬನ ಮೇಲೆ: ಅಭಿಮಾನಿ. ಅವನಿಗೆ ದರ ಮುಖ್ಯವಲ್ಲ, ಮೊದಲ ಶೋ ಮುಖ್ಯ. ಸೋಮವಾರಕ್ಕೆ ಕಾದರೆ ಅಷ್ಟರಲ್ಲಿ ಎಂಟ್ರಿ ಸೀನ್ ಎಲ್ಲರ ಫೋನಿಗೂ ಬಂದಿರುತ್ತದೆ, ಕೊನೆಯಲ್ಲಿ ಏನಾಗುತ್ತದೆ ಎಂಬುದು ಆಫೀಸಿನ ಊಟದ ಟೇಬಲ್‌ನಲ್ಲಿ ಬಯಲಾಗಿರುತ್ತದೆ. ರೋಬೋ ಚಿತ್ರಕ್ಕೆ ಇನ್ನೊಂದು ಕಾರಣವೂ ಸೇರುತ್ತದೆ. ನೂರಾರು ಯಂತ್ರಗಳು ಹಾವಾಗಿ ಹರಿಯುವ ದೃಶ್ಯವನ್ನು ಫೋನಿನ ಪರದೆಯಲ್ಲಿ ನೋಡಿದರೆ ಇರುವೆ ಸಾಲಿನಂತೆ ಕಾಣುತ್ತದೆ. ದೊಡ್ಡ ಪರದೆಯೇ ಬೇಕು. ಐಮ್ಯಾಕ್ಸ್‌ನಂಥ ಪರದೆಗಳು ಬೆಂಗಳೂರಿನಲ್ಲೂ ಕೆಲವೇ ಇವೆ. ಬೇಡಿಕೆ ಜಾಸ್ತಿ, ಸೀಟು ಕಡಿಮೆ. ಬೆಲೆ ಏರದೆ ಇನ್ನೇನಾಗುತ್ತದೆ.

ಬೆಂಗಳೂರಿನ ಅಭಿಮಾನಿಗೆ ಈ ಚಿತ್ರಗಳು ಪರಕೀಯವೂ ಅಲ್ಲ. ಚಿಟ್ಟಿಯಾದ ರಜನಿಕಾಂತ್ ಹುಟ್ಟಿದ್ದು ಇದೇ ಊರಲ್ಲಿ, ಸಿನಿಮಾಕ್ಕೆ ಹೋಗುವ ಮೊದಲು ಇಲ್ಲಿನ ಬಸ್ಸಿನಲ್ಲೇ ಕಂಡಕ್ಟರ್ ಆಗಿದ್ದರು. ‘ಎಂದಿರನ್’ಗೆ ಸಂಭಾಷಣೆ ಬರೆದ ತಮಿಳು ಲೇಖಕ ಸುಜಾತಾ, ಅಂದರೆ ಎಸ್. ರಂಗರಾಜನ್, ಬೆಂಗಳೂರಿನ ಬಿಇಎಲ್‌ನಲ್ಲಿ ಎಂಜಿನಿಯರ್. ನಾವು ವೋಟು ಹಾಕುವ ಇವಿಎಂ ಯಂತ್ರ ರೂಪಿಸುವ ಕೆಲಸದಲ್ಲಿ ಅವರ ಪಾತ್ರ ಇತ್ತು. 2008ರಲ್ಲಿ ಅವರು ತೀರಿಕೊಂಡಾಗ ಚಿತ್ರ ಇನ್ನೂ ಮುಗಿದಿರಲಿಲ್ಲ. ಲಾವಣ್ಯ, ಊರ್ವಶಿ, ನಟರಾಜ್‌ನಂಥ ಥಿಯೇಟರ್ ಮುಂದೆ ತಮಿಳು ಚಿತ್ರಕ್ಕೆ ಪಟಾಕಿ ಹೊಡೆಯುವವರಲ್ಲಿ ಮನೆಯಲ್ಲಿ ಕನ್ನಡ ಮಾತಾಡುವ ಹುಡುಗರೂ ಇರುತ್ತಾರೆ. ಇದನ್ನು ಗಡಿ ಗೆರೆ ಎಳೆದು ಅರ್ಥ ಮಾಡಿಕೊಳ್ಳಲು ಹೊರಟರೆ ತಲೆ ಕೆಡುತ್ತದೆ.

ಗಡಿಯಾಚೆಯ ಒಂದು ಸಂಗತಿ ಮಾತ್ರ ಬೆಂಗಳೂರಿನ ದರವನ್ನು ನೇರವಾಗಿ ಏರಿಸುತ್ತದೆ. 2023ರ ಜನವರಿಯಲ್ಲಿ ಚೆನ್ನೈನಲ್ಲಿ ನಸುಕಿನ ಶೋ ಸಂಭ್ರಮದಲ್ಲಿ ಒಬ್ಬ ಅಭಿಮಾನಿ ಪ್ರಾಣ ಕಳೆದುಕೊಂಡ ಮೇಲೆ ತಮಿಳುನಾಡಿನಲ್ಲಿ ನಸುಕಿನ ಶೋಗಳಿಗೆ ಕಡಿವಾಣ ಬಿತ್ತು. ಈಗ ದೊಡ್ಡ ಚಿತ್ರಗಳೂ ಅಲ್ಲಿ ಶುರುವಾಗುವುದು ಬೆಳಿಗ್ಗೆ ಒಂಬತ್ತಕ್ಕೆ. ಅಲ್ಲಿ ದರ ಮಿತಿಯೂ ಇದೆ. 2017ರ ಪರಿಷ್ಕರಣೆಯಲ್ಲಿ ಮಲ್ಟಿಪ್ಲೆಕ್ಸ್ ಟಿಕೆಟ್‌ನ ಗರಿಷ್ಠ ಮೂಲ ದರವನ್ನು 150 ರೂಪಾಯಿ ಮಾಡಿದ್ದರು. ಬೆಂಗಳೂರಿನಲ್ಲಿ ಬೆಳಗಿನ ಶೋ ಬೇಗ ಶುರುವಾಗುತ್ತದೆ, ದರಕ್ಕೆ ತಡೆಯಿಲ್ಲ. ಇಲ್ಲೂ 6.30ಕ್ಕೆ ಮುಂಚೆ ಶೋ ನಡೆಸುವಂತಿಲ್ಲ ಎಂಬ ನಿಯಮ ಇದೆ. 2024ರ ಡಿಸೆಂಬರ್‌ನಲ್ಲಿ ‘ಪುಷ್ಪ 2’ರ ನಸುಕಿನ ಶೋಗಳನ್ನು ಜಿಲ್ಲಾಡಳಿತ ಇದೇ ಕಾರಣಕ್ಕೆ ರದ್ದು ಮಾಡಿತ್ತು. ಆದರೂ ಚೆನ್ನೈಗಿಂತ ಎರಡೂವರೆ ಗಂಟೆ ಮುಂಚೆ. ಹೊಸೂರು ಕಡೆಯಿಂದ ಬೈಕ್ ಏರಿ ಅತ್ತಿಬೆಲೆ ದಾಟಿ ಬರುವವರಿಗೆ ಅಷ್ಟು ಸಾಕು. ಎರಡು ರಾಜ್ಯದ ಅಭಿಮಾನಿಗಳ ಬೇಡಿಕೆ ಬೆಂಗಳೂರಿನ ಒಂದು ಬೆಳಗಿನ ಶೋ ಮೇಲೆ ಬೀಳುತ್ತದೆ.

ಕನ್ನಡ ಶೋ ಎಲ್ಲಿ ಹೋಯಿತು

2010ರಲ್ಲಿ ಚಿಟ್ಟಿ ತಮಿಳು, ತೆಲುಗು, ಹಿಂದಿ ಮಾತಾಡಿದ. ಕನ್ನಡ ಮಾತಾಡಲಿಲ್ಲ. ಆಗ ಕನ್ನಡಕ್ಕೆ ಡಬ್ ಮಾಡುವುದು ಕಾನೂನಿನ ಪ್ರಕಾರ ತಪ್ಪಾಗಿರಲಿಲ್ಲ, ಉದ್ಯಮದ ಕಟ್ಟುಪಾಡು ಅದಕ್ಕೆ ಬಿಡುತ್ತಿರಲಿಲ್ಲ. 1960ರ ದಶಕದಲ್ಲಿ ಅನಕೃ ಅವರಂಥವರು ಮುಂದೆ ನಿಂತು, ರಾಜ್‌ಕುಮಾರ್ ದನಿಗೂಡಿಸಿ ನಡೆದ ಚಳವಳಿಯ ಫಲ ಅದು. ಆಗ ಅದಕ್ಕೆ ಅರ್ಥವಿತ್ತು. ಕನ್ನಡ ಚಿತ್ರಗಳೇ ಮದರಾಸಿನಲ್ಲಿ ತಯಾರಾಗುತ್ತಿದ್ದ ಕಾಲ. ಡಬ್ಬಿಂಗ್ ಬಂದರೆ ಇಲ್ಲಿ ಒಂದು ಉದ್ಯಮವೇ ಹುಟ್ಟುವುದಿಲ್ಲ ಎಂಬ ಭಯ ಸುಳ್ಳಾಗಿರಲಿಲ್ಲ.

ಕಟ್ಟು ಸಡಿಲವಾದದ್ದು ಹೊರಗಿನಿಂದ. 2012ರಲ್ಲಿ ಆಮಿರ್ ಖಾನ್ ಅವರ ಟಿವಿ ಕಾರ್ಯಕ್ರಮ ಕನ್ನಡಕ್ಕೆ ಡಬ್ ಆಗಿ ಬರದಂತೆ ತಡೆದಾಗ ಪ್ರೇಕ್ಷಕರ ಕಡೆಯಿಂದ ಗಟ್ಟಿಯಾಗಿ ಪ್ರಶ್ನೆ ಎದ್ದಿತು. ಗ್ರಾಹಕರ ಪರ ಗುಂಪೊಂದು, ಮಾರುಕಟ್ಟೆಯಲ್ಲಿ ಪೈಪೋಟಿಗೆ ಅಡ್ಡಿಯಾಗದಂತೆ ನೋಡಿಕೊಳ್ಳುವ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟಿತು. 2015ರಲ್ಲಿ ಆಯೋಗ ಈ ತಡೆ ಸ್ಪರ್ಧಾ ಕಾಯ್ದೆಗೆ ವಿರುದ್ಧ ಎಂದು ಹೇಳಿ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ ಸೇರಿದಂತೆ ಚಿತ್ರೋದ್ಯಮದ ಸಂಘಗಳಿಗೆ ದಂಡ ಹಾಕಿತು. 2017ರಲ್ಲಿ ‘ಸತ್ಯದೇವ್ ಐಪಿಎಸ್’ ಬಂತು. ಹಲವು ದಶಕಗಳ ನಂತರ ಥಿಯೇಟರ್‌ಗೆ ಬಂದ ಡಬ್ಬಿಂಗ್ ಚಿತ್ರ. 2019ರ ‘ಸೈರಾ’, 2022ರ ‘ಆರ್‌ಆರ್‌ಆರ್’ ಹೊತ್ತಿಗೆ ಇದು ಮಾಮೂಲಾಯಿತು.

ತಡೆ ಹೋದಮೇಲೂ ಶೋ ಯಾಕಿಲ್ಲ? ಇಲ್ಲಿಯೂ ಮೂರು ದಿನವೇ ಆಡಳಿತ ನಡೆಸುತ್ತದೆ. ಬಿಡುಗಡೆಗೆ ಕೆಲವು ದಿನ ಮುಂಚೆ ಬುಕಿಂಗ್ ತೆರೆಯುತ್ತದೆ. ಮೊದಲು ತೆರೆಯುವುದು ಮೂಲ ಭಾಷೆಯ ಶೋ. ಅಭಿಮಾನಿಗೆ ತನ್ನ ಹೀರೋನ ಸ್ವಂತ ದನಿ ಬೇಕು, ಅವನು ತಮಿಳೋ ತೆಲುಗೋ ಅದನ್ನೇ ಒತ್ತುತ್ತಾನೆ. ಕನ್ನಡ ಆವೃತ್ತಿಗೆ ಸೆನ್ಸಾರ್ ಪ್ರಮಾಣಪತ್ರ ಬೇರೆಯೇ ಆಗಬೇಕು. ಕೊನೇ ಗಳಿಗೆಯವರೆಗೂ ಗ್ರಾಫಿಕ್ಸ್ ತಿದ್ದುವ ಚಿತ್ರಗಳಲ್ಲಿ ಡಬ್ ಆವೃತ್ತಿ ಸಿದ್ಧವಾಗುವುದೂ ಕೊನೆಗೇ. ಅಷ್ಟರಲ್ಲಿ ಒಳ್ಳೆಯ ಹೊತ್ತಿನ ಪರದೆಗಳೆಲ್ಲ ಹಂಚಿಹೋಗಿರುತ್ತವೆ. ಕನ್ನಡಕ್ಕೆ ಉಳಿಯುವುದು ಯಾರಿಗೂ ಬೇಡದ ಹೊತ್ತು. ಆ ಶೋ ತುಂಬುವುದಿಲ್ಲ. ಶನಿವಾರ ಪ್ರದರ್ಶಕರು ಅಂಕಿ ನೋಡುತ್ತಾರೆ, ಕನ್ನಡಕ್ಕೆ ಬೇಡಿಕೆ ಇಲ್ಲ ಎಂದು ಅದನ್ನೂ ತೆಗೆಯುತ್ತಾರೆ. ಮುಂದಿನ ಚಿತ್ರಕ್ಕೆ ಈ ಅಂಕಿಯೇ ಸಾಕ್ಷಿ. 2021ರ ಡಿಸೆಂಬರ್‌ನಲ್ಲಿ ‘ಪುಷ್ಪ’ ಬಂದಾಗ ಬೆಂಗಳೂರಿನಲ್ಲಿ ತೆಲುಗು ಶೋಗಳು ನೂರಾರು, ಕನ್ನಡ ಶೋಗಳು ಎಲ್ಲೋ ಒಂದೆರಡು ಎಂದು ಗಲಾಟೆಯೇ ಆಯಿತು. ಗಲಾಟೆ ಅಡಗಿದ ಮೇಲೆ ಪದ್ಧತಿ ಏನೂ ಬದಲಾಗಲಿಲ್ಲ.

2011ರ ಜನಗಣತಿಯಂತೆ ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡ ಮಾತೃಭಾಷೆಯವರು ಅರ್ಧಕ್ಕಿಂತ ಕಡಿಮೆ. ಅದನ್ನೇ ಕಾರಣವಾಗಿ ಕೊಡುವವರಿದ್ದಾರೆ. ಅರ್ಧಕ್ಕಿಂತ ಕಡಿಮೆ ಎಂದರೂ ಅದು ಈ ಊರಿನ ಅತಿ ದೊಡ್ಡ ಭಾಷಾ ಗುಂಪು, ನೂರಕ್ಕೆ ಒಂದೆರಡು ಶೋ ಕೊಡುವಷ್ಟು ಸಣ್ಣದಲ್ಲ.

ಡಬ್ಬಿಂಗ್ ವಿರೋಧಿಸುವವರ ಇವತ್ತಿನ ವಾದ ಏನೆಂದರೆ, ಕನ್ನಡ ಆವೃತ್ತಿಗೆ ಕೊಟ್ಟ ಪರದೆ ಕನ್ನಡ ಚಿತ್ರದಿಂದ ಕಿತ್ತುಕೊಂಡ ಪರದೆ. ಬೆಂಗಳೂರಿನ ಮಟ್ಟಿಗೆ ಇದು ನಿಲ್ಲುವುದಿಲ್ಲ. ಇಲ್ಲಿ ಪರದೆಗಳನ್ನು ಮೂಲ ಆವೃತ್ತಿ ಆಗಲೇ ಕಿತ್ತುಕೊಂಡಾಗಿದೆ. ಕನ್ನಡ ಆವೃತ್ತಿಯನ್ನು ತಡೆದರೆ ಆ ಪರದೆ ತೆಲುಗಿಗೆ ಹೋಗುತ್ತದೆಯೇ ಹೊರತು ಸಣ್ಣ ಕನ್ನಡ ಚಿತ್ರಕ್ಕಲ್ಲ. ಆದರೆ ದಾವಣಗೆರೆ, ಶಿವಮೊಗ್ಗ, ಗದಗದ ಕಡೆ ವಾದಕ್ಕೆ ಸ್ವಲ್ಪ ಬಲವಿದೆ. ತಮಿಳು ಚೆನ್ನಾಗಿ ತಿಳಿಯದ ಊರಲ್ಲಿ ಕನ್ನಡ ಮಾತಾಡುವ ರೋಬೋ ನಿಜವಾದ ಪೈಪೋಟಿ. ಅದರಲ್ಲೂ ಮಕ್ಕಳು ಅಪ್ಪ ಅಮ್ಮನನ್ನು ಎಳೆದುಕೊಂಡು ಹೋಗುವ ಚಿತ್ರಕ್ಕೆ. ಡಬ್ಬಿಂಗ್ ಪರ ಇರುವವರು ಈ ವ್ಯತ್ಯಾಸವನ್ನು ಒಪ್ಪಿಕೊಳ್ಳುವುದಿಲ್ಲ, ವಿರೋಧಿಸುವವರು ಬೆಂಗಳೂರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಯಾರ ವಾದ ಎಷ್ಟು ಗಟ್ಟಿ

ಸಿನಿಮಾ ಬಡವರ ಮನರಂಜನೆ, ದರ ಕೈಗೆಟಕಬೇಕು ಎಂಬುದು ಸರ್ಕಾರದ ಮಾತು. ಚಿತ್ರಮಂದಿರಗಳ ನಿಯಂತ್ರಣ ರಾಜ್ಯದ ಅಧಿಕಾರ ಎನ್ನುತ್ತದೆ. ಮಲ್ಟಿಪ್ಲೆಕ್ಸ್‌ಗಳ ಉತ್ತರ: 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆ ಪರವಾನಗಿ, ಸುರಕ್ಷತೆಗಾಗಿ ಬಂದದ್ದು, ಬೆಲೆ ಕಟ್ಟುವ ಅಧಿಕಾರ ಅದರಲ್ಲಿಲ್ಲ. ಮಾಲ್‌ನ ಪರದೆಗೂ ಹೋಬಳಿ ಊರಿನ ಟಾಕೀಸಿಗೂ ಒಂದೇ ದರ ಹೇಗೆ ಎಂದೂ ಕೇಳುತ್ತವೆ. ಅಧಿಕಾರದ ಪ್ರಶ್ನೆಯನ್ನು ಕೋರ್ಟ್ ತೀರ್ಮಾನಿಸಲಿ. ಎರಡನೇ ಪ್ರಶ್ನೆ ಮಾತ್ರ ನ್ಯಾಯವಾದದ್ದೇ.

ಆದರೆ ಮಿತಿ ಹಾಕಿದರೆ ಸಿನಿಮಾವೇ ಸತ್ತುಹೋಗುತ್ತದೆ ಎಂಬ ಕೂಗು ಉತ್ಪ್ರೇಕ್ಷೆ. ದರ ಮಿತಿ ಇರುವ ತಮಿಳುನಾಡಿನಿಂದಲೇ ‘ಎಂದಿರನ್’ ಬಂತು, ‘2.0’ ಬಂತು. ಅಲ್ಲಿ ಕಡಿಮೆ ದರವನ್ನು ಸರಿದೂಗಿಸುವುದು ಪರದೆಗಳ ಸಂಖ್ಯೆಯಿಂದ. ದೊಡ್ಡ ಹೀರೋ ಚಿತ್ರ ಬಂದರೆ ಆ ವಾರ ಎಲ್ಲೆಲ್ಲೂ ಅದೇ. 200ರ ಮಿತಿ ಬಯಸುವ ಕನ್ನಡದ ಸಣ್ಣ ನಿರ್ಮಾಪಕರು ಇದನ್ನು ಎರಡು ಸಲ ಯೋಚಿಸಬೇಕು. ಒಂದು ಸೀಟಿನಿಂದ 600 ಬರದಿದ್ದರೆ ವಿತರಕರು ಮೂರು ಸೀಟು ಹುಡುಕುತ್ತಾರೆ. ಆ ಇನ್ನೆರಡು ಸೀಟು ಇರುವುದು ಪಕ್ಕದ ಪರದೆಯಲ್ಲಿ, ಅಲ್ಲಿ ಓಡುತ್ತಿರುವುದು ಎರಡನೇ ವಾರದ ಒಂದು ಸಣ್ಣ ಕನ್ನಡ ಚಿತ್ರ.

ಸಿಂಗಲ್ ಸ್ಕ್ರೀನ್ ಮಾಲೀಕರ ಕಷ್ಟ ಬೇರೆ ಜಾತಿಯದು. ಅಲ್ಲಿ ದರ ಮೊದಲೇ ಕಡಿಮೆ, ಮಿತಿಯಿಂದ ಅವರಿಗೆ ಹೆಚ್ಚೇನೂ ಆಗುವುದಿಲ್ಲ. ಅವರನ್ನು ತಿನ್ನುತ್ತಿರುವುದು ಜಾಗದ ಬೆಲೆ. ಕೆಂಪೇಗೌಡ ರಸ್ತೆ ಕಡೆಯ ಕಪಾಲಿ ಹೋಯಿತು, 2024ರಲ್ಲಿ ಸ್ಯಾಂಕಿ ರಸ್ತೆಯ ಕಾವೇರಿಯೂ ಮುಚ್ಚಿತು. 80, 100 ರೂಪಾಯಿಗೆ ಬಾಲ್ಕನಿ ಸಿಗುತ್ತಿದ್ದ ಸೀಟುಗಳು ಹೀಗೆ ಸಾವಿರ ಸಾವಿರ ಲೆಕ್ಕದಲ್ಲಿ ಊರಿನಿಂದ ಮಾಯವಾಗಿವೆ. ಟಿಕೆಟ್ ದುಬಾರಿ ಎನಿಸಲು ಇದೂ ಒಂದು ದೊಡ್ಡ ಕಾರಣ, ಅದರ ಬಗ್ಗೆ ಯಾವ ಅಧಿಸೂಚನೆಯೂ ಬಂದಿಲ್ಲ.

ನಿಯಮ ಉಳಿದರೆ, ಬಿದ್ದರೆ

ನಿಯಮ ಬಿದ್ದುಹೋದರೆ ಈಗ ಹೇಗಿದೆಯೋ ಹಾಗೇ. ಅಭಿಮಾನಿ ಶುಕ್ರವಾರ 700 ಕೊಡುತ್ತಾನೆ. ನಾಲ್ಕು ಜನರ ಕುಟುಂಬ ಪಾಪ್‌ಕಾರ್ನ್, ಪಾರ್ಕಿಂಗ್ ಸೇರಿಸಿ ಲೆಕ್ಕ ಹಾಕಿ ಓಟಿಟಿಗೆ ಬರಲಿ ಬಿಡು ಎನ್ನುತ್ತದೆ.

ನಿಯಮ ಉಳಿದರೆ ಮೊದಲ ದಿನದ ಟಿಕೆಟ್ 236ಕ್ಕೆ ಸಿಗಬೇಕು. ಸಿಗುವುದು ಕಷ್ಟ. ಸಾವಿರ ಕೊಡಲು ಸಿದ್ಧ ಇರುವವನು ಇದ್ದೇ ಇರುತ್ತಾನೆ, ಮಧ್ಯದ 764 ರೂಪಾಯಿ ಬ್ಲಾಕ್‌ನಲ್ಲಿ ಮಾರುವವನಿಗೆ ಹೋಗುತ್ತದೆ. ನಿರ್ಮಾಪಕರಿಗೂ ಇಲ್ಲ, ಸರ್ಕಾರಕ್ಕೆ ತೆರಿಗೆಯೂ ಇಲ್ಲ. ಒಳಗೆ ಪಾಪ್‌ಕಾರ್ನ್ ಬೆಲೆಗೆ ಮಿತಿ ಹಾಕಿಲ್ಲವಾದ್ದರಿಂದ ಸ್ವಲ್ಪ ಭಾಗ ಅಲ್ಲಿ ವಸೂಲಾಗುತ್ತದೆ. ನಿಜವಾದ ಲಾಭ ಆಗುವುದು ಎರಡನೇ ವಾರದಿಂದ, ಗಡಿಬಿಡಿ ಇಲ್ಲದ ಪ್ರೇಕ್ಷಕರಿಗೆ. ಆಗ ದರ ತಾನಾಗಿಯೇ ಸ್ವಲ್ಪ ಇಳಿದಿರುತ್ತದೆ ಎಂಬುದು ಬೇರೆ ಮಾತು.

ಆಂಧ್ರ, ತೆಲಂಗಾಣಗಳಲ್ಲಿ ಇನ್ನೊಂದು ದಾರಿ ಇದೆ. ಸಾಮಾನ್ಯ ದಿನಕ್ಕೆ ಮಿತಿ, ದೊಡ್ಡ ಚಿತ್ರ ಬಂದಾಗ ಇಷ್ಟು ದಿನ ಇಷ್ಟು ಹೆಚ್ಚಿಸಬಹುದು ಎಂದು ಸರ್ಕಾರ ಅನುಮತಿ ಕೊಡುತ್ತದೆ. ವ್ಯವಹಾರದ ಲೆಕ್ಕಕ್ಕೆ ಇದು ಹೆಚ್ಚು ಹತ್ತಿರ. ಕೆಡುಕೆಂದರೆ ಪ್ರತಿ ಸಲ ನಿರ್ಮಾಪಕರು ಮಂತ್ರಿಗಳ ಬಾಗಿಲಿಗೆ ಹೋಗಿ ನಿಲ್ಲಬೇಕು, ಯಾರಿಗೆ ಕೊಟ್ಟರು ಯಾರಿಗೆ ಇಲ್ಲ ಎಂಬ ರಾಜಕೀಯ ಶುರುವಾಗುತ್ತದೆ. ಕರ್ನಾಟಕ ಇದನ್ನೇ ಅರ್ಜಿ ಇಲ್ಲದೆ, ಎಲ್ಲರಿಗೂ ಒಂದೇ ರೀತಿ ಮಾಡಬಹುದು. ಮೊದಲ ಮೂರು ದಿನ ದರ ಬಿಟ್ಟುಬಿಡಿ, ಆದರೆ ಪ್ರತಿ ಶೋನಲ್ಲೂ ಒಂದು ಪಾಲು ಸೀಟು 200ಕ್ಕೆ ಇರಲಿ. ನಾಲ್ಕನೇ ದಿನದಿಂದ ಎಲ್ಲಕ್ಕೂ ಮಿತಿ. ಕನ್ನಡ ಆವೃತ್ತಿ ಇರುವ ಚಿತ್ರಕ್ಕೆ ಮೊದಲ ಮೂರು ದಿನದ ಈ ಸಡಿಲಿಕೆ ಬೇಕಾದರೆ ಸಂಜೆ ಹೊತ್ತಿನಲ್ಲಿ ಕನ್ನಡ ಶೋಗಳನ್ನು ಬುಕಿಂಗ್ ತೆರೆದ ದಿನವೇ ತೋರಿಸಬೇಕು ಎಂದರೆ ಆಯಿತು. ಅಭಿಮಾನಿಯ ಜೇಬಿಗೆ ಕೈಹಾಕುವ ಅವಕಾಶ ಬೇಕಾದವರು ಅಷ್ಟು ಮಾಡಲಾರರೇ?

ಈಗಿನ ನಿಯಮದಲ್ಲಿ ಇದ್ಯಾವುದೂ ಇಲ್ಲ. ಇರುವುದು 75 ಸೀಟಿನ ವಿನಾಯಿತಿ. ಅದು ಹಾಗೇ ಉಳಿದರೆ ಮಾಲ್‌ಗಳಲ್ಲಿ ಮುಂದೆ ಕಟ್ಟುವ ಪರದೆಗಳ ನಕ್ಷೆ ಆ ಅಂಕಿಯನ್ನು ನೋಡಿಕೊಂಡೇ ತಯಾರಾಗುತ್ತದೆ: 250 ಸೀಟಿನ ಒಂದು ಸಭಾಂಗಣದ ಜಾಗದಲ್ಲಿ ಒರಗುವ ಕುರ್ಚಿಗಳ, ಕಂಬಳಿ ಕೊಡುವ, 75 ಸೀಟಿನ ಎರಡು. ರೋಬೋ ಚಿತ್ರ ಮೊದಲು ಹೋಗುವುದು ಅವಕ್ಕೇ.